ಬಜ್ಪೆಗೆ ಇಳಿದಿದ್ದ ಡಕೋಟಾವನ್ನು ಯಲಹಂಕದಲ್ಲಿ ಹುಡುಕಿದ್ದು

ದೊಡ್ಡಮ್ಮನಿಗೆ ನೆಹರೂ ಅವರನ್ನು ಕಂಡ ನೆನಪಿಲ್ಲ. ನೆನಪಿರುವುದು ವಿಮಾನ ಕುಳಿತಿದ್ದ ಭಂಗಿ. "ಮೂಗು ಮೇಲೆ, ಬಾಲ ನೆಲಕ್ಕೆ. ಅಂಗಳದಲ್ಲಿ ನಾಯಿ ಕುಳಿತ ಹಾಗೆ" ಎನ್ನುತ್ತಾರೆ. 1951ರ ಡಿಸೆಂಬರ್ 25ರಂದು ಬಜ್ಪೆಯ ವಿಮಾನ ನಿಲ್ದಾಣ ಆರಂಭವಾದಾಗ ಪ್ರಧಾನಿ ಬಂದಿಳಿದದ್ದು ಡಗ್ಲಸ್ ಡಿಸಿ-3 ವಿಮಾನದಲ್ಲಿ. ಆಗ ಹನ್ನೊಂದರ ಹುಡುಗಿಯಾಗಿದ್ದ ದೊಡ್ಡಮ್ಮ ಅಪ್ಪನ ಕೈ ಹಿಡಿದು ಮುರಕಲ್ಲಿನ ಗುಡ್ಡ ಹತ್ತಿ ಹೋಗಿದ್ದರು.

ಅದೇ ಡಿಸಿ-3ರ ಸೇನಾ ರೂಪವನ್ನು ಡಕೋಟಾ ಎನ್ನುತ್ತಾರೆ. 2019ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ವಾಯುಪಡೆಯ ಡಕೋಟಾ ಬರುತ್ತದೆ ಎಂದು ತಿಳಿದ ದಿನವೇ ದೊಡ್ಡಮ್ಮನ ಮಗ, ನನಗೆ ಅಣ್ಣ, ಎರಡು ಬಸ್ ಟಿಕೆಟ್ ತೆಗೆಸಿದ. ಅವನ ಬಳಿ ದುರ್ಬೀನು, ನನ್ನ ಬಳಿ ಕ್ಯಾಮೆರಾ. ಹಾರುವ ಡಕೋಟಾದ ಒಂದು ಒಳ್ಳೆಯ ಚಿತ್ರ ತಂದು ದೊಡ್ಡಮ್ಮನ ಕೈಗಿಡಬೇಕು ಎಂಬುದಷ್ಟೇ ನಮ್ಮ ಆಸೆ.

ಜೆಟ್ ವಿಮಾನದ ಚಿತ್ರಕ್ಕೆ ಶಟರ್ ವೇಗ, ಅಂದರೆ ಕ್ಯಾಮೆರಾದ ಕಣ್ಣು ತೆರೆದಿರುವ ಹೊತ್ತು, ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ ಇಟ್ಟರೂ ನಷ್ಟವಿಲ್ಲ. ಪ್ರೊಪೆಲ್ಲರ್ ವಿಮಾನಕ್ಕೆ ಹಾಗೆ ಮಾಡಿದರೆ ರೆಕ್ಕೆಯಂಥ ಆ ಅಲಗುಗಳು ನಿಂತುಬಿಟ್ಟಂತೆ ಕಾಣುತ್ತವೆ; ಇಂಜಿನ್ ಕೆಟ್ಟ ವಿಮಾನ ಆಕಾಶದಲ್ಲಿ ನೇತಾಡುತ್ತಿರುವಂತೆ. ಡಕೋಟಾದ ಪ್ರೊಪೆಲ್ಲರ್ ಸಾಮಾನ್ಯ ಹಾರಾಟದಲ್ಲಿ ಸೆಕೆಂಡಿಗೆ ಸುಮಾರು ಇಪ್ಪತ್ತು ಸುತ್ತು ತಿರುಗುತ್ತದೆ. ಶಟರನ್ನು ಸೆಕೆಂಡಿನ 125ರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಅಷ್ಟರಲ್ಲಿ ಪ್ರತಿ ಅಲಗು ಸುತ್ತಿನ ಆರನೇ ಒಂದರಷ್ಟು ಸರಿದಿರುತ್ತದೆ, ಮೂರು ಅಲಗುಗಳೂ ಸೇರಿ ಅರ್ಧ ಚಕ್ರದಷ್ಟು ತೆಳ್ಳನೆಯ ಮಸುಕು ಮೂಡುತ್ತದೆ. ಆದರೆ ಅಷ್ಟು ನಿಧಾನದ ಶಟರಿನಲ್ಲಿ ಕೈ ಕೂದಲೆಳೆಯಷ್ಟು ಅಲುಗಿದರೂ ವಿಮಾನವೇ ಕಲಸಿಹೋಗುತ್ತದೆ. ಪಾದ ಕದಲಿಸದೆ, ಸೊಂಟದಿಂದ ಮೇಲಕ್ಕೆ ಇಡೀ ಮೈಯನ್ನು ವಿಮಾನದ ವೇಗಕ್ಕೆ ಸರಿಯಾಗಿ ತಿರುಗಿಸಬೇಕು. ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು.

ಇದನ್ನು ಕಲಿಯಲು ಕೂಳೂರಿನ ಹೆದ್ದಾರಿ ಬದಿಗಿಂತ ಒಳ್ಳೆಯ ಶಾಲೆ ನನಗೆ ಸಿಗಲಿಲ್ಲ. ಹದಿನೈದು ದಿನ ಬೆಳಿಗ್ಗೆ ಅಲ್ಲಿ ನಿಂತು ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳನ್ನು ಹಿಡಿದೆ. ಬಸ್ಸಿನ ಮೇಲಿನ ಊರಿನ ಹೆಸರು ಓದುವಂತಿರಬೇಕು, ಚಕ್ರ ತಿರುಗುತ್ತಿರಬೇಕು. ಹತ್ತನೆಯ ದಿನ ಮೊದಲ ಬಾರಿಗೆ ಎರಡೂ ಕೂಡಿಬಂದವು.

ಶಿರಾಡಿ ಘಾಟಿಯ ತಿರುವುಗಳಲ್ಲಿ ನಿದ್ದೆ ಬರಲಿಲ್ಲ. ಬೆಂಗಳೂರಿನಲ್ಲಿ ಇಳಿದು, ದೊಡ್ಡಮ್ಮ ಕಟ್ಟಿಕೊಟ್ಟಿದ್ದ ಬನ್ಸ್ ತಿಂದು, ಬಳ್ಳಾರಿ ರಸ್ತೆಯ ವಾಹನಗಳ ಸಾಲಿನಲ್ಲಿ ತೆವಳಿ ಯಲಹಂಕ ತಲುಪುವಾಗ ಬಿಸಿಲೇರಿತ್ತು.

ಈ ಡಕೋಟಾದ ಕಥೆ ನನ್ನನ್ನು ಮೊದಲೇ ಸೆಳೆದಿತ್ತು. ಗುಜರಿಯಾಗಲಿದ್ದ ವಿಮಾನವನ್ನು ಕೊಂಡು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಡುಗೆಯಾಗಿ ಕೊಟ್ಟವರು ಆಗ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್. ಅವರ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಡಕೋಟಾ ಹಾರಿಸಿದವರು. 2018ರ ಏಪ್ರಿಲ್‌ನಲ್ಲಿ ಅದು ತನ್ನ ರೆಕ್ಕೆಯ ಮೇಲೆಯೇ ದೇಶಗಳನ್ನು ದಾಟಿ ಜಾಮ್‌ನಗರಕ್ಕೆ ಬಂತು. ಮೇ 4ರಂದು ಹಿಂಡನ್‌ನಲ್ಲಿ ವಾಯುಪಡೆಯ ವಿಂಟೇಜ್ ದಳವನ್ನು ಸೇರಿತು. ಅದರ ಮೈಮೇಲಿನ ವಿಪಿ 905 ಎಂಬ ಸಂಖ್ಯೆ, 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಯೋಧರನ್ನು ಶ್ರೀನಗರಕ್ಕೆ ಇಳಿಸಿದ ಡಕೋಟಾದ್ದು. ಇಟ್ಟ ಹೆಸರು 'ಪರಶುರಾಮ'. ಪರಶುರಾಮ ಕೊಡಲಿ ಎಸೆದು ಕಡಲಿನಿಂದ ಪಡೆದ ನೆಲವೆಂದು ತಮ್ಮ ಊರನ್ನು ನಂಬಿದ ನಮ್ಮಂಥವರಿಗೆ ಆ ಹೆಸರು ಕೇಳಿದಾಗ ಮೈ ಝುಮ್ಮೆನ್ನದೆ ಇರುತ್ತದೆಯೇ?

ಸದ್ದು ಮೊದಲು ಕೇಳಿದ್ದು ಅಣ್ಣನಿಗೆ. ಜೆಟ್‌ಗಳದು ಎದೆಯನ್ನು ಸೀಳುವ ಸದ್ದು. ಇದು ಬೇರೆ: ತಲಾ ಹದಿನಾಲ್ಕು ಸಿಲಿಂಡರಿನ ಎರಡು ಇಂಜಿನ್‌ಗಳು ಒಟ್ಟಿಗೆ ಗುನುಗುವ ತುಂಬುದನಿ, ಅಂಗಾಲಿನಿಂದ ಮೇಲೇರುವಂಥದ್ದು. ದೂರದ ರನ್‌ವೇಯಲ್ಲಿ ಬಾಲ ಊರಿಕೊಂಡು ಅದು ನಿಧಾನವಾಗಿ ಸಾಗುತ್ತಿತ್ತು. ಬಿಸಿಗಾಳಿಯ ಅಲೆಯಲ್ಲಿ ಅದರ ರೂಪ ನಡುಗುತ್ತಿತ್ತು. ನಾಲ್ಕು ಚಿತ್ರ ತೆಗೆದೆ, ನಾಲ್ಕೂ ನೀರಿನೊಳಗಿನ ನೆರಳಿನಂತೆ ಬಂದವು.

ಮೊದಲ ಸುತ್ತನ್ನು ನಾನು ಕಳೆದುಕೊಂಡೆ. ಆಗತಾನೇ ಹಾದುಹೋದ ಸುಖೋಯ್ ಜೆಟ್‌ಗಾಗಿ ಇಟ್ಟ ಶಟರ್ ವೇಗವನ್ನು ಇಳಿಸಲು ಮರೆತಿದ್ದೆ. ಚಿತ್ರಗಳು ಹರಳಿನಂತೆ ಸ್ಪಷ್ಟ, ಪ್ರೊಪೆಲ್ಲರ್ ಮಾತ್ರ ಜೀವವಿಲ್ಲದೆ ನಿಂತಿತ್ತು. ಕಣ್ಣು ತುಂಬಿಬಂತು. ಅಣ್ಣ ದುರ್ಬೀನಿನಿಂದ ಕಣ್ಣು ತೆಗೆಯದೆ ಹೇಳಿದ: "ತಿರುಗುತ್ತಿದೆ, ಮತ್ತೆ ಬರುತ್ತದೆ. ಕೂಳೂರಿನ ಬಸ್ಸು ಎಂದುಕೊ."

ಎಂದುಕೊಂಡೆ. ಪಾದ ಊರಿದೆ, ಉಸಿರು ಬಿಟ್ಟೆ. ತೊಂಬತ್ತೈದು ಅಡಿ ಅಗಲದ ರೆಕ್ಕೆ ಚಾಚಿ, ಅವಸರವೇ ಇಲ್ಲದೆ ಅದು ನಮ್ಮೆದುರು ಹಾದುಹೋಯಿತು. ಕಿಟಕಿಗಳ ಸಾಲು, ಇಂಜಿನ್‌ಗಳ ಕೆಳಗೆ ಮಡಿಸಿದರೂ ಅರ್ಧ ಹೊರಗೇ ಉಳಿಯುವ ಚಕ್ರಗಳು, ಎಲ್ಲವೂ ಚೌಕಟ್ಟಿನೊಳಗೆ ಕದಲದೆ ನಿಂತವು. ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಉಳಿದದ್ದು ಮೂರು. ಒಂದರಲ್ಲಿ ಎರಡೂ ಪ್ರೊಪೆಲ್ಲರ್‌ಗಳು ಹೊಗೆಯಷ್ಟು ತೆಳುವಾದ ಬಳೆಗಳಾಗಿದ್ದವು.

ಮರುದಿನ ಮಂಗಳೂರಿನಲ್ಲಿ, ಜಗಲಿಯ ಮೇಲೆ ದೊಡ್ಡಮ್ಮನಿಗೆ ಆ ಚಿತ್ರವನ್ನೇ ಮೊದಲು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ ಮಗಾ. ಆದರೆ ನಾನು ನೋಡಿದ್ದು ಇದಲ್ಲ" ಎಂದರು. ನನಗೆ ಮಾತು ಹೊರಡಲಿಲ್ಲ. ಅಣ್ಣ ಕ್ಯಾಮೆರಾ ತೆಗೆದುಕೊಂಡು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿ, ಬಿಸಿಗಾಳಿಯಲ್ಲಿ ನಡುಗಿದ ಆ ಚಿತ್ರಗಳಲ್ಲಿ ಒಂದನ್ನು ಅವರ ಮುಂದೆ ಹಿಡಿದ. ಮೂಗು ಮೇಲೆ, ಬಾಲ ನೆಲಕ್ಕೆ.

"ಹಾಂ, ಇದೇ" ಎಂದು ದೊಡ್ಡಮ್ಮ ಪರದೆಯನ್ನು ಬೆರಳಿನಿಂದ ಮುಟ್ಟಿದರು. "ಆ ದಿನವೂ ಹೀಗೆಯೇ ಬಿಸಿಲಿತ್ತು."