ಫಸ್ಟ್ ಪಿಕ್ ಯಾರನ್ನ ತಗೊಳ್ಳಲಿ ಅಂತ ಕೇಳುವವರಿಗೆ

ಆಗಸ್ಟ್ ಬಂದರೆ ಸಾಕು, ನನಗೆ ವಾಟ್ಸಾಪ್‌ನಲ್ಲಿ ಒಂದೇ ಪ್ರಶ್ನೆ ಶುರು. "ಅಣ್ಣಾ, ಡ್ರಾಫ್ಟ್ ಇದೆ. ಫಸ್ಟ್ ಪಿಕ್ ಯಾರನ್ನ ತಗೊಳ್ಳಲಿ?" ಇದು ಫ್ಯಾಂಟಸಿ ಫುಟ್‌ಬಾಲ್ ಮಾತು. ನಿಜವಾದ ಆಟಗಾರರನ್ನ ಆರಿಸಿ ನಮ್ಮದೇ ಒಂದು ತಂಡ ಕಟ್ಟುತ್ತೇವೆ, ಅವರು ಪಂದ್ಯದಲ್ಲಿ ಆಡಿದ್ದಕ್ಕೆ ತಕ್ಕ ಹಾಗೆ ನಮಗೆ ಪಾಯಿಂಟ್. ಸರತಿಯಲ್ಲಿ ಆಟಗಾರರನ್ನ ಆರಿಸುವುದೇ ಡ್ರಾಫ್ಟ್. ಒಂದು ಆಯ್ಕೆಗೆ ಪಿಕ್, ಎಲ್ಲರದೂ ಒಂದೊಂದು ಆದರೆ ಒಂದು ರೌಂಡ್ ಅನ್ನುತ್ತೇವೆ.

ದಾವಣಗೆರೆಯಲ್ಲಿ ಫ್ಯಾಂಟಸಿ ಫುಟ್‌ಬಾಲ್ ಆಡುವವರೂ ಇದ್ದಾರಾ ಅಂತ ಕೇಳಬೇಡಿ. ಇದು ವಿನಯ್ ಕುಮಾರ್ ಊರು, ಗಲ್ಲಿ ಗಲ್ಲಿಯಲ್ಲೂ ಟೆನಿಸ್ ಬಾಲ್ ಕ್ರಿಕೆಟ್ಟೇ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಆದರೆ ವಿದ್ಯಾನಗರದ ರೂಮುಗಳಲ್ಲಿ, ಕಾಲೇಜು ಹಾಸ್ಟೆಲ್‌ಗಳಲ್ಲಿ ನಡುರಾತ್ರಿ ಹನ್ನೆರಡೂವರೆಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಹಾಕಿಕೊಂಡು ಕೂರುವ ಹುಡುಗರಿಗೇನು ಕಮ್ಮಿ ಇಲ್ಲ. ನಮ್ಮ ಗುಂಪಿನಲ್ಲಿ ಹುಡುಗರಷ್ಟೇ ಅಲ್ಲ, ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ಮೆಡಿಕಲ್ ಶಾಪ್‌ನವರು, ಒಬ್ಬರು ಬ್ಯಾಂಕಿನವರು. ಒಟ್ಟು ಎಂಟು ಜನ. ದುಡ್ಡಿನ ಆಟ ಅಲ್ಲ, ಕೊನೆಗೆ ಬಂದವರು ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಬೇಕು. ಅಷ್ಟೇ.

ಪ್ರಶ್ನೆಗೆ ಚಿಕ್ಕ ಉತ್ತರ ಬೇಕಾ? ಪಟ್ಟಿಯ ಮೇಲಿರುವ ಇಬ್ಬರು ಮೂವರಲ್ಲಿ ಯಾರನ್ನಾದರೂ ತಗೊಳ್ಳಿ, ಅದಕ್ಕೋಸ್ಕರ ನಿದ್ದೆಗೆಡಬೇಡಿ. ನಿಮ್ಮ ಸೀಸನ್ ಏನಾಗುತ್ತದೆ ಅನ್ನುವುದು ನಾಲ್ಕನೇ ರೌಂಡಿನಿಂದ ಹತ್ತನೇ ರೌಂಡಿನ ಒಳಗೆ ಯಾರನ್ನ ತಗೊಳ್ಳುತ್ತೀರಿ ಅನ್ನುವುದರ ಮೇಲಿದೆ. ಯಾಕೆ ಅಂತ 2024-25ರ ಸೀಸನ್ ಮುಂದಿಟ್ಟುಕೊಂಡು ಹೇಳುತ್ತೇನೆ. ಇಷ್ಟು ಪಾಠ ಇರುವ ಸೀಸನ್ ಇನ್ನೊಂದು ಸಿಗುವುದು ಕಷ್ಟ.

ಹೊಸಬರಿಗೆ ಮೊದಲು ಆಟದ ಕಟ್ಟಳೆ. ಪ್ರೀಮಿಯರ್ ಲೀಗ್‌ನವರದೇ ಫ್ಯಾಂಟಸಿ ಆಟದಲ್ಲಿ ಮುಖ್ಯವಾಗಿ ಎರಡು ಬಗೆ ಇದೆ. ಒಂದರಲ್ಲಿ ನೂರು ಮಿಲಿಯನ್ ಬಜೆಟ್ ಕೊಡುತ್ತಾರೆ. ಅಲ್ಲಿ ಗೋಲು ಹೊಡೆಯುವುದರಲ್ಲಿ ಹೆಸರಾದ ಹಾಲೆಂಡ್ ನಿಮ್ಮಲ್ಲೂ ಇರಬಹುದು, ನನ್ನಲ್ಲೂ ಇರಬಹುದು. ಇನ್ನೊಂದು ಡ್ರಾಫ್ಟ್. ಇಲ್ಲಿ ಬಜೆಟ್ ಇಲ್ಲ, ಸರತಿಯಲ್ಲಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳಬೇಕು. ಒಬ್ಬ ಆಟಗಾರ ಲೀಗಿನಲ್ಲಿ ಒಬ್ಬರ ಹತ್ತಿರ ಮಾತ್ರ ಇರುತ್ತಾನೆ. ಎರಡು ಗೋಲ್‌ಕೀಪರ್, ಐದು ಡಿಫೆಂಡರ್, ಐದು ಮಿಡ್‌ಫೀಲ್ಡರ್, ಮೂರು ಫಾರ್ವರ್ಡ್, ಒಟ್ಟು ಹದಿನೈದು. ಸರತಿ ಹಾವಿನ ಹಾಗೆ ಹೋಗಿ ಹಿಂದೆ ಬರುತ್ತದೆ. ಎಂಟು ಜನರ ಲೀಗಿನಲ್ಲಿ ಮೊದಲ ಪಿಕ್ ಸಿಕ್ಕವನಿಗೆ ಆಮೇಲೆ ಸಿಗುವುದು 16, 17ನೇ ಪಿಕ್. ಕೊನೆಯವನಿಗೆ 8, 9 ಎರಡೂ ಒಟ್ಟಿಗೇ ಸಿಗುತ್ತವೆ. ಮೊದಲ ಪಿಕ್ ಬಂದಿಲ್ಲ ಅಂತ ಮುಖ ಸಪ್ಪೆ ಮಾಡಿಕೊಳ್ಳುವವರು ಇದನ್ನ ಒಂದು ಸಲ ಹಾಳೆಯ ಮೇಲೆ ಬರೆದು ನೋಡಲಿ.

ಹೆಚ್ಚಿನವರು ಮರೆಯುವ ಇನ್ನೊಂದು ವಿಷಯ: ಡ್ರಾಫ್ಟ್‌ನಲ್ಲಿ ಕ್ಯಾಪ್ಟನ್ ಇಲ್ಲ. ಬಜೆಟ್ ಆಟದಲ್ಲಿ ಕ್ಯಾಪ್ಟನ್ ಮಾಡಿದವನ ಪಾಯಿಂಟ್ ಡಬಲ್ ಆಗುತ್ತದೆ. ಅಲ್ಲಿ ದೊಡ್ಡ ಹೆಸರಿಗೆ ಇರುವ ಬೆಲೆಯಲ್ಲಿ ಅರ್ಧ ಬರುವುದೇ ಆ ಪಟ್ಟದಿಂದ. ಡ್ರಾಫ್ಟ್‌ನಲ್ಲಿ ಹಾಲೆಂಡ್ ಎರಡು ಗೋಲು ಹೊಡೆದರೆ ಎರಡು ಗೋಲಿನ ಪಾಯಿಂಟ್ ಮಾತ್ರ. ಅದಕ್ಕೇ ಬಜೆಟ್ ಆಟದ ಸಲಹೆಗಳನ್ನ ಯೂಟ್ಯೂಬಲ್ಲಿ ನೋಡಿ ಇಲ್ಲಿ ಹಾಗೇ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಈಗ ಆ ಸೀಸನ್ನಿನಲ್ಲಿ ಲಿವರ್‌ಪೂಲ್ ಪರ ಆಡಿದ ಸಲಾ ವಿಷಯಕ್ಕೆ ಬರೋಣ, ಯಾಕೆಂದರೆ ಎಲ್ಲರೂ ಅದನ್ನೇ ಎತ್ತುತ್ತಾರೆ. "ಆ ವರ್ಷ ಸಲಾ ಇದ್ದವನೇ ರಾಜ ಅಲ್ವಾ?" ಹೌದು. 38 ಪಂದ್ಯ ಆಡಿ 29 ಗೋಲು, 18 ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸ್). ಫ್ಯಾಂಟಸಿಯಲ್ಲಿ 344 ಪಾಯಿಂಟ್. 2017-18ರಲ್ಲಿ ತಾನೇ ಮಾಡಿದ್ದ 303ರ ದಾಖಲೆಯನ್ನ ತಾನೇ ಮುರಿದ. ಆದರೆ 2024ರ ಆಗಸ್ಟಿಗೆ ಹೋಗಿ ನಿಂತು ನೋಡಿ. ಸಲಾಗೆ 32 ವರ್ಷ. ಹಿಂದಿನ ಸೀಸನ್ನಿನಲ್ಲಿ 18 ಗೋಲು. ಕೋಚ್ ಕ್ಲಾಪ್ ಬಿಟ್ಟು ಹೋಗಿದ್ದರು, ಆರ್ನೆ ಸ್ಲಾಟ್ ಆಗಷ್ಟೇ ಬಂದಿದ್ದರು. ಒಪ್ಪಂದದ ಕೊನೆಯ ವರ್ಷ ಬೇರೆ. ಆ ಕಡೆ ಹಾಲೆಂಡ್, ಎರಡು ವರ್ಷ ಸತತವಾಗಿ ಲೀಗಿನಲ್ಲಿ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್, 36 ಗೋಲು, ಆಮೇಲೆ 27. ತಲೆ ನೆಟ್ಟಗಿರುವ ಯಾರಾದರೂ ಹಾಲೆಂಡನ್ನೇ ಮೊದಲು ತಗೊಳ್ಳುತ್ತಿದ್ದರು. ಅದು ತಪ್ಪೂ ಅಲ್ಲ. ಮೊದಲ ಐದು ಪಂದ್ಯದಲ್ಲಿ ಹತ್ತು ಗೋಲು ಹೊಡೆದ. ಆಮೇಲೆ ಅವನ ತಂಡದ ಮಿಡ್‌ಫೀಲ್ಡರ್ ರೋಡ್ರಿ ಮಂಡಿ ಗಾಯದಿಂದ ಹೊರಗೆ ಬಿದ್ದ, ಮ್ಯಾಂಚೆಸ್ಟರ್ ಸಿಟಿ ತಂಡವೇ ಕುಸಿಯಿತು. ಮಾರ್ಚ್ ಕೊನೆಗೆ ಎಫ್‌ಎ ಕಪ್‌ನಲ್ಲಿ ಹಾಲೆಂಡ್ ಕಾಲಿಗೇ ಪೆಟ್ಟು. ಕೊನೆಗೆ 22 ಗೋಲು.

ಇದನ್ನ ಆಗಸ್ಟಿನಲ್ಲಿ ಯಾರು ಊಹಿಸಬಹುದಿತ್ತು? ಅದೂ ಅಲ್ಲದೆ ಯಾವ ನಂಬರಿನ ಪಿಕ್ ಬರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಚೀಟಿ ಎತ್ತಿದ ಲೆಕ್ಕ. ಅಲ್ಲಿ ಜಾಣತನ ತೋರಿಸಲು ಜಾಗವೇ ಕಮ್ಮಿ. ನಮ್ಮ ಗುಂಪಿನಲ್ಲಿ ಸಲಾ ಸಿಕ್ಕವರು ಮೇಷ್ಟ್ರು. ಅವರು ಬಂದಿದ್ದು ಮೂರನೇ ಸ್ಥಾನ. 344 ಪಾಯಿಂಟ್ ಜೇಬಿನಲ್ಲಿಟ್ಟುಕೊಂಡು ಮೂರನೇ ಸ್ಥಾನ! ಗೆದ್ದವರು ಮೆಡಿಕಲ್ ಶಾಪ್‌ನವರು. ಅವರ ಹತ್ತಿರ ಇದ್ದವರು ಬ್ರಯಾನ್ ಎಂಬ್ಯೂಮೋ ಮತ್ತು ಕ್ರಿಸ್ ವುಡ್.

ಎಂಬ್ಯೂಮೋ ಕತೆಯನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಉತ್ತರ ಪೂರ್ತಿ ಇರುವುದು ಅದರಲ್ಲೇ. ಆಗ ಅವನಿದ್ದ ಬ್ರೆಂಟ್‌ಫರ್ಡ್ ತಂಡದ ದೊಡ್ಡ ಹೆಸರು ಐವನ್ ಟೋನಿ. ಪೆನಾಲ್ಟಿ ಅವನದು. 2024ರ ಬೇಸಿಗೆಯಲ್ಲಿ ಅವನು ತಂಡ ಬಿಡುತ್ತಾನೆ ಅನ್ನುವ ಸುದ್ದಿ ದಿನಾ ಬರುತ್ತಿತ್ತು. ಮೊದಲ ಪಂದ್ಯಕ್ಕೆ ಕೋಚ್ ಥಾಮಸ್ ಫ್ರಾಂಕ್ ಅವನನ್ನ ತಂಡದಲ್ಲೇ ಇಡಲಿಲ್ಲ. ಆ ಪಂದ್ಯದಲ್ಲಿ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಗೋಲು ಹೊಡೆದವರು ಎಂಬ್ಯೂಮೋ ಮತ್ತು ಯೋನ್ ವಿಸ್ಸಾ. ಆಗಸ್ಟ್ ಮುಗಿಯುವಷ್ಟರಲ್ಲಿ ಟೋನಿ ಸೌದಿಯ ಅಲ್ ಅಹ್ಲಿಗೆ ಹೋದ. ಪೆನಾಲ್ಟಿ ಎಂಬ್ಯೂಮೋ ಪಾಲಿಗೆ ಬಂತು. 38 ಪಂದ್ಯವೂ ಆಡಿದ, 20 ಗೋಲು ಹೊಡೆದ, 236 ಪಾಯಿಂಟ್ ತಂದ. ವಿಸ್ಸಾ ಇನ್ನೊಂದು 19. ನಮ್ಮ ಡ್ರಾಫ್ಟ್‌ನಲ್ಲಿ ಎಂಬ್ಯೂಮೋ ಹೋಗಿದ್ದು ಐದನೇ ರೌಂಡಿಗೆ. ಅವನಿಗಿಂತ ಮುಂಚೆ ಹೋದವರಲ್ಲಿ ಅರ್ಧ ಜನ ಅವನ ಹತ್ತಿರಕ್ಕೂ ಬರಲಿಲ್ಲ.

ಮೆಡಿಕಲ್ ಶಾಪ್‌ನವರು ಅವನನ್ನ ತಗೊಳ್ಳುವಾಗ ಹಳೆ ಪಾಯಿಂಟ್ ನೋಡಿರಲಿಲ್ಲ. ಎರಡೇ ಪ್ರಶ್ನೆ ಕೇಳಿದ್ದರು. ಇವನು ಪ್ರತಿ ವಾರ ತೊಂಬತ್ತು ನಿಮಿಷ ಆಡುತ್ತಾನಾ? ಪೆನಾಲ್ಟಿ ಯಾರು ಹೊಡೆಯುತ್ತಾರೆ? ಆಮೇಲೆ ಎಂಟನೇ ರೌಂಡಿನಲ್ಲಿ ಅದೇ ಪ್ರಶ್ನೆಗೆ ಸಿಕ್ಕವನು ಕ್ರಿಸ್ ವುಡ್. ನ್ಯೂಜಿಲೆಂಡಿನವನು, ವಯಸ್ಸು 32, ತಂಡ ಹಿಂದಿನ ವರ್ಷ 17ನೇ ಸ್ಥಾನದಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್. ಹೆಸರು ಕೇಳಿ ನಾವೆಲ್ಲ ನಕ್ಕಿದ್ದು ನಿಜ. ಅವನೂ 20 ಗೋಲು ಹೊಡೆದ, ಫಾರೆಸ್ಟ್ 7ನೇ ಸ್ಥಾನಕ್ಕೆ ಬಂತು.

ಇದಕ್ಕೆ ಎದುರಾಗಿ ಹಳೆ ವರ್ಷದ ಪಟ್ಟಿ ನೋಡಿ ತಗೊಂಡವರ ಗತಿ ಏನಾಯಿತು? ಫಿಲ್ ಫೋಡನ್ 2023-24ರಲ್ಲಿ 19 ಗೋಲು ಹೊಡೆದು ಲೀಗಿನ ವರ್ಷದ ಆಟಗಾರ ಆಗಿದ್ದ. ಮುಂದಿನ ವರ್ಷ 7. ಸಾನ್ ಹ್ಯೂಂಗ್ ಮಿನ್ 17ರಿಂದ 7ಕ್ಕೆ. ಡಾಮಿನಿಕ್ ಸೋಲಂಕಿ ಬೋರ್ನ್‌ಮತ್‌ನಲ್ಲಿ 19 ಹೊಡೆದು ದೊಡ್ಡ ಮೊತ್ತಕ್ಕೆ ಟಾಟನ್‌ಹ್ಯಾಮ್‌ಗೆ ಹೋದ, ಅಲ್ಲಿ 9. ಕೋಲ್ ಪಾಮರ್ ಕೂಡ 22ರಿಂದ 15ಕ್ಕೆ ಇಳಿದ, ಆದರೂ ಅವನನ್ನ ಈ ಸಾಲಿಗೆ ಸೇರಿಸಲಾರೆ, 15 ಗೋಲು ಬೇಡ ಅನ್ನುವವರು ಯಾರು? ಇವರೆಲ್ಲ ಕೆಟ್ಟ ಆಟಗಾರರು ಅಂತ ನಾನು ಹೇಳುತ್ತಿಲ್ಲ. ಒಬ್ಬನ ಜೀವಮಾನದ ಅತ್ಯುತ್ತಮ ವರ್ಷ ಮುಗಿದ ಮೇಲೆ ಅದೇ ದರಕ್ಕೆ ಅವನನ್ನ ಕೊಳ್ಳುತ್ತಿದ್ದೀರಿ, ಅಷ್ಟೇ ನನ್ನ ತಕರಾರು. ಎರಡನೇ ರೌಂಡಿನ ಪಿಕ್ ಕೊಟ್ಟು ಏಳು ಗೋಲು ತಂದುಕೊಂಡರೆ ಆ ತೂತನ್ನ ಮುಚ್ಚುವುದು ಕಷ್ಟ.

ಪೊಸಿಷನ್ ಲೆಕ್ಕ ಇನ್ನೊಂದು. ಆಟದಲ್ಲಿ ಒಬ್ಬನನ್ನ ಮಿಡ್‌ಫೀಲ್ಡರ್ ಅಂತ ಬರೆದಿದ್ದಾರಾ ಫಾರ್ವರ್ಡ್ ಅಂತ ಬರೆದಿದ್ದಾರಾ ಅನ್ನುವುದನ್ನ ಹುಡುಗರು ನೋಡುವುದೇ ಇಲ್ಲ. ಫಾರ್ವರ್ಡ್ ಗೋಲಿಗೆ 4 ಪಾಯಿಂಟ್, ಮಿಡ್‌ಫೀಲ್ಡರ್ ಗೋಲಿಗೆ 5, ಡಿಫೆಂಡರ್ ಗೋಲಿಗೆ 6. ಆ ವರ್ಷ ವುಡ್ ಫಾರ್ವರ್ಡ್, ಎಂಬ್ಯೂಮೋ ಮಿಡ್‌ಫೀಲ್ಡರ್. ಇಬ್ಬರದೂ 20 ಗೋಲು. ವುಡ್‌ಗೆ 80, ಎಂಬ್ಯೂಮೋಗೆ 100. ಮೇಲಾಗಿ ತಂಡ ಗೋಲು ಬಿಡದಿದ್ದರೆ ಮಿಡ್‌ಫೀಲ್ಡರ್‌ಗೆ ಒಂದು ಪಾಯಿಂಟ್ ಜಾಸ್ತಿ. ಸಲಾ ಇಷ್ಟು ವರ್ಷ ಮೆರೆದಿದ್ದರಲ್ಲಿ ಇದರ ಪಾಲೂ ಇದೆ. ಫೆಬ್ರವರಿಯಲ್ಲಿ ಆರ್ಸೆನಲ್‌ಗೆ ಫಾರ್ವರ್ಡ್‌ಗಳೇ ಇಲ್ಲದಂತಾಯಿತು, ಹಾವರ್ಟ್ಸ್, ಜೀಸಸ್, ಸಾಕಾ ಎಲ್ಲರೂ ಗಾಯ. ಲೆಸ್ಟರ್ ವಿರುದ್ಧ ಮಿಕೆಲ್ ಮೆರಿನೋನನ್ನ ಮುಂದೆ ನಿಲ್ಲಿಸಿದರು, ಎರಡು ಗೋಲು ಹೊಡೆದ. ಆಟದಲ್ಲಿ ಅವನು ಮಿಡ್‌ಫೀಲ್ಡರ್. ನಮ್ಮ ಲೀಗಿನಲ್ಲಿ ಅವನು ಯಾರ ಹತ್ತಿರವೂ ಇರಲಿಲ್ಲ, ಪಂದ್ಯ ಮುಗಿಯುವ ಮುಂಚೆಯೇ ಗುಂಪಿನಲ್ಲಿ ಜಗಳ ಶುರುವಾಗಿತ್ತು.

ಗೋಲ್‌ಕೀಪರ್ ಬಗ್ಗೆ ಒಂದೇ ಮಾತು: ಕೊನೆಗೆ ತಗೊಳ್ಳಿ. ಎಂಟು ಜನರ ಲೀಗಿಗೆ ಬೇಕಾಗುವುದು 16 ಗೋಲ್‌ಕೀಪರ್. ಪ್ರೀಮಿಯರ್ ಲೀಗಿನಲ್ಲಿ ತಂಡಗಳು 20. ಅಂದರೆ ಎಲ್ಲರೂ ತಗೊಂಡ ಮೇಲೂ ಪ್ರತಿ ವಾರ ಆಡುವ ನಾಲ್ಕು ಜನ ಉಳಿದೇ ಉಳಿಯುತ್ತಾರೆ. 2024-25ರಲ್ಲಿ ಅತಿ ಹೆಚ್ಚು ಕ್ಲೀನ್ ಶೀಟ್ (ಒಂದೂ ಗೋಲು ಬಿಡದ ಪಂದ್ಯ) ಇದ್ದವರು ಇಬ್ಬರು, 13-13. ಒಬ್ಬ ಆರ್ಸೆನಲ್‌ನ ರಾಯಾ, ಅವನನ್ನ ನಮ್ಮಲ್ಲೊಬ್ಬ ಆರನೇ ರೌಂಡಿಗೇ ಎತ್ತಿಕೊಂಡಿದ್ದ. ಇನ್ನೊಬ್ಬ ಫಾರೆಸ್ಟ್‌ನ ಸೆಲ್ಸ್, ಅವನು ಡ್ರಾಫ್ಟ್ ಮುಗಿದ ಮೇಲೂ ಹಾಗೇ ಬಿದ್ದಿದ್ದ.

ಫಾರ್ವರ್ಡ್‌ಗಳ ಲೆಕ್ಕ ಉಲ್ಟಾ. ಬೇಕಾಗುವುದು 24, ಆದರೆ ಎಷ್ಟೋ ತಂಡಗಳು ಮುಂದೆ ಒಬ್ಬನನ್ನ ಮಾತ್ರ ಆಡಿಸುತ್ತವೆ. ಹಾಗಾಗಿ ಎಲ್ಲರಿಗೂ ಆಡುವ ಮೂವರು ಸಿಗುವುದಿಲ್ಲ. ಹಾಗಂತ ಗಾಬರಿಯೂ ಬೇಡ, ಹದಿನೈದು ಜನರಲ್ಲಿ ವಾರ ವಾರ ಆಡಿಸುವ ಹನ್ನೊಂದರಲ್ಲಿ ಒಬ್ಬ ಫಾರ್ವರ್ಡ್ ಇದ್ದರೆ ಸಾಕು ಅನ್ನುತ್ತದೆ ನಿಯಮ. ಒಬ್ಬ ಒಳ್ಳೆಯವನನ್ನ ಬೇಗ ಹಿಡಿಯಿರಿ, ಎರಡನೆಯವನು ವುಡ್ ಥರದವನಿರಲಿ, ಮೂರನೆಯವನು ಬೆಂಚಿನಲ್ಲಿ ಕೂತಿರಲಿ.

ಇನ್ನು ನಮ್ಮೂರಿನ ಒಂದು ಖಾಸಗಿ ಕಾಯಿಲೆ. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಆ ಋಣಕ್ಕೋ ಏನೋ, ಇಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ಜಾಸ್ತಿ. ಯುನೈಟೆಡ್ ಆ ಸೀಸನ್ ಮುಗಿಸಿದ್ದು 15ನೇ ಸ್ಥಾನದಲ್ಲಿ. ನಮ್ಮ ಬ್ಯಾಂಕಿನವರು ಮೊದಲ ಏಳು ಪಿಕ್‌ನಲ್ಲಿ ಮೂವರು ಯುನೈಟೆಡ್‌ನವರನ್ನೇ ತಗೊಂಡಿದ್ದರು. ಬೆಣ್ಣೆ ದೋಸೆ ಯಾರು ಕೊಡಿಸಿದರು ಅಂತ ಬೇರೆ ಹೇಳಬೇಕಾ? ಡ್ರಾಫ್ಟ್‌ನಲ್ಲಿ ಒಂದೇ ತಂಡದಿಂದ ಎಷ್ಟು ಜನರನ್ನ ಬೇಕಾದರೂ ತಗೊಳ್ಳಬಹುದು, ತಡೆಯುವವರು ಯಾರೂ ಇಲ್ಲ. ಅಭಿಮಾನ ಇದ್ದವರಿಗೆ ಅದೇ ಅಪಾಯ.

ಡ್ರಾಫ್ಟ್ ಆದ ಮೇಲೆ ಬರುವುದು ವೇವರ್. ಯಾರ ಹತ್ತಿರವೂ ಇಲ್ಲದ ಆಟಗಾರನಿಗೆ ಅರ್ಜಿ ಹಾಕಿ, ನಿಮ್ಮವನೊಬ್ಬನನ್ನ ಬಿಟ್ಟುಕೊಡುವುದು. ಇದರ ಗಡುವು ಗೇಮ್‌ವೀಕ್ ಡೆಡ್‌ಲೈನ್‌ಗಿಂತ, ಅಂದರೆ ಆ ವಾರದ ತಂಡ ಅಂತಿಮ ಮಾಡುವ ಹೊತ್ತಿಗಿಂತ, 24 ಗಂಟೆ ಮುಂಚೆ. ಶನಿವಾರ ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಮೊದಲ ಪಂದ್ಯ ಇದ್ದರೆ ಡೆಡ್‌ಲೈನ್ ಅಲ್ಲಿ ಹನ್ನೊಂದಕ್ಕೆ, ನಮಗೆ ಮೂರೂವರೆ. ವೇವರ್ ಮುಗಿಯುವುದು ಶುಕ್ರವಾರ ಮಧ್ಯಾಹ್ನ ಮೂರೂವರೆಗೆ. ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಿಟ್ಟ ಮೇಲೆ ನಮಗೆ ನಾಲ್ಕೂವರೆ. ಶುಕ್ರವಾರ ರಾತ್ರಿಯೇ ಪಂದ್ಯ ಇದ್ದ ವಾರ ಗುರುವಾರವೇ ಕೆಲಸ ಮುಗಿಸಬೇಕು. ಫೋನಲ್ಲಿ ಅಲಾರಾಂ ಇಟ್ಟುಕೊಳ್ಳಿ. ನಮ್ಮ ಲೀಗಿನಲ್ಲಿ ಡ್ರಾಫ್ಟ್ ಚೆನ್ನಾಗಿ ಮಾಡಿಯೂ ಹಿಂದೆ ಬಿದ್ದವರೆಲ್ಲ ಈ ಗಡುವನ್ನ ಮರೆತವರೇ. ಡ್ರಾಫ್ಟ್ ದಿನವೂ ಅಷ್ಟೇ, ನಿಮಗೆ ಬೇಕಾದವರ ಪಟ್ಟಿ, ಅಂದರೆ ವಾಚ್‌ಲಿಸ್ಟ್, ಮುಂಚೆಯೇ ತುಂಬಿಸಿಡಿ. ಕರೆಂಟ್ ಹೋಗಿ ನೆಟ್ ಕಟ್ಟಾದರೆ ನಿಮ್ಮ ಸರತಿಗೆ ಯಾರೂ ಕಾಯುವುದಿಲ್ಲ, ಆಟವೇ ಒಬ್ಬನನ್ನ ಎತ್ತಿ ಕೊಡುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಡಿಫೆಂಡರ್‌ಗಳ ವಿಷಯದಲ್ಲಿ 2024-25ರ ಪಾಠ ಈಗ ನಡೆಯುವುದಿಲ್ಲ. 2025-26ರಿಂದ ನಿಯಮ ಬದಲಾಗಿದೆ. ಡಿಫೆಂಡರ್ ಒಂದು ಪಂದ್ಯದಲ್ಲಿ ಎದುರಾಳಿಯನ್ನ ತಡೆಯುವ ಕೆಲಸಗಳು, ಅಂದರೆ ಕ್ಲಿಯರೆನ್ಸ್, ಬ್ಲಾಕ್, ಇಂಟರ್ಸೆಪ್ಷನ್, ಟ್ಯಾಕಲ್ ಎಲ್ಲ ಸೇರಿ ಹತ್ತು ಮಾಡಿದರೆ ಎರಡು ಪಾಯಿಂಟ್. ಮಿಡ್‌ಫೀಲ್ಡರ್, ಫಾರ್ವರ್ಡ್‌ಗಳಿಗೆ ಚೆಂಡು ಮರಳಿ ಗೆದ್ದಿದ್ದೂ ಲೆಕ್ಕಕ್ಕಿದೆ, ಆದರೆ ಹನ್ನೆರಡು ಆಗಬೇಕು. ಮುಂಚೆ ನಾವು ಓಡಿ ಹೋಗಿ ಕ್ರಾಸ್ ಹಾಕುವ ಫುಲ್‌ಬ್ಯಾಕ್‌ಗಳನ್ನೇ ಹುಡುಕುತ್ತಿದ್ದೆವು. ಈಗ ಸಣ್ಣ ತಂಡದ ಸೆಂಟರ್‌ಬ್ಯಾಕ್, ಇಡೀ ಪಂದ್ಯ ತಲೆ ಕೊಟ್ಟು ಚೆಂಡು ಹೊರಗೆ ಹಾಕುವವನು, ತಂಡ ಸೋತರೂ ನಿಮಗೆ ಪಾಯಿಂಟ್ ತರುತ್ತಾನೆ. ಅಂಥವರು ಹನ್ನೊಂದು ಹನ್ನೆರಡನೇ ರೌಂಡಿನಲ್ಲೂ ಸಿಗುತ್ತಾರೆ. ಅವರಿಗಾಗಿ ಮೊದಲ ಮೂರು ರೌಂಡ್ ಖರ್ಚು ಮಾಡಬೇಡಿ, ಆದರೆ ಪಟ್ಟಿಯಲ್ಲಿ ಹೆಸರು ಬರೆದಿಟ್ಟುಕೊಂಡು ಕೂತುಕೊಳ್ಳಿ.