ಯಾವ ವ್ಯಾಕರಣ ಪುಸ್ತಕ ಓದಬೇಕು?

ಕಲಬುರಗಿಯಲ್ಲಿ ಹೊಸದಾಗಿ ಬರೆಯಲು ಶುರು ಮಾಡಿದವರು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಸರ್, ವಾಕ್ಯ ಸರಿಯಾಗಿ ಕೂಡವಲ್ದು. ಯಾವ ವ್ಯಾಕರಣ ಪುಸ್ತಕ ಓದಬೇಕ್ರಿ?"

ಸದ್ಯಕ್ಕೆ ಯಾವುದೂ ಬೇಡ. ನಿಮಗಿಷ್ಟವಾದ ಲೇಖಕರ ಒಂದು ಪ್ಯಾರಾ ತಗೊಳ್ಳಿ. ಅದನ್ನು ಬಿಡಿಸಿ, ಕಲಸಿ, ಮತ್ತೆ ಜೋಡಿಸಿ.

ಒಂದು ವಾಕ್ಯದ ಪದಗಳನ್ನು ಚೀಟಿಗಳಲ್ಲಿ ಬರೆದು ಕಲಸಿದ್ದೀರಿ ಅಂದ್ಕೊಳ್ಳಿ: ಇಳಿಸಿದರು, ಗಂಜಿನಲ್ಲಿ, ಬಂದ, ಹಮಾಲರು, ತೊಗರಿ ಚೀಲಗಳನ್ನು, ಸೇಡಂನಿಂದ. (ಗಂಜ್ ಅಂದರೆ ನಮ್ಮ ಕಡೆ ಧಾನ್ಯದ ಮಾರುಕಟ್ಟೆ.) 'ಇಳಿಸಿದರು' ತಾನಾಗಿಯೇ ಕೊನೆಗೆ ಹೋಗುತ್ತದೆ. ಕೈ ತಡೆಯುವುದು 'ಬಂದ' ಚೀಟಿ ಹಿಡಿದಾಗ. "ಸೇಡಂನಿಂದ ಬಂದ ತೊಗರಿ ಚೀಲಗಳನ್ನು ಹಮಾಲರು ಗಂಜಿನಲ್ಲಿ ಇಳಿಸಿದರು" ಅಂದರೆ ಬಂದದ್ದು ತೊಗರಿ. "ಸೇಡಂನಿಂದ ಬಂದ ಹಮಾಲರು ತೊಗರಿ ಚೀಲಗಳನ್ನು ಗಂಜಿನಲ್ಲಿ ಇಳಿಸಿದರು" ಅಂದರೆ ಬಂದವರು ಹಮಾಲರು. ವಿಭಕ್ತಿ ಇದೆಯಲ್ಲ, ಕನ್ನಡದಲ್ಲಿ ಪದಗಳನ್ನು ಹೇಗೆ ಇಟ್ಟರೂ ನಡೆಯುತ್ತೆ ಅಂತಾರೆ. ಅದು ಅರ್ಧ ನಿಜ ಅಷ್ಟೇ. 'ಗಂಜಿನಲ್ಲಿ' ಅನ್ನುವುದನ್ನು ವಾಕ್ಯದ ಮೊದಲಿಗೆ ತಂದರೆ ಅರ್ಥ ಕೆಡುವುದಿಲ್ಲ, ಒತ್ತು ಮಾತ್ರ ಬದಲಾಗುತ್ತದೆ. ಆದರೆ 'ಬಂದ' ತನ್ನ ಮುಂದಿರುವ ಹೆಸರನ್ನೇ ಹಿಡಿದುಕೊಳ್ಳುತ್ತದೆ. ಕ್ರಿಯಾಪದದಿಂದ ಹುಟ್ಟಿದ ಇಂಥ ಪದಕ್ಕೆ ಕೃದಂತ ಅಂತಾರೆ. ಆ ಹೆಸರು ಆಮೇಲೆ ಕಲಿಯಬಹುದು.

ಇನ್ನೊಂದು ಕೆಲಸ, ನೆನಪಿನಿಂದ ಬರೆಯುವುದು. ಸುಮ್ನೆ ನೋಡಿ ಬರೆದರೆ ಕಣ್ಣು ಒಂದೊಂದೇ ಪದ ಎತ್ತಿ ಕೈಗೆ ಕೊಡುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಇಡೀ ವಾಕ್ಯ ಓದಿ, ಪುಸ್ತಕ ಮುಚ್ಚಿ ಬರೆಯಿರಿ. ಬಾಯಿಪಾಠ ಬೇಡ. ಮರೆತ ಜಾಗದಲ್ಲಿ ವಾಕ್ಯವನ್ನು ನೀವೇ ಕಟ್ಟಬೇಕಾಗುತ್ತದೆ, ಕಲಿಯುವುದು ಅಲ್ಲೇ. ನಮ್ಮ ಕಡೆ ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಆಡುವವರು ಬಹಳ. ಅವರಲ್ಲಿ ಕೆಲವರು ಆ ಭಾಷೆಗಳ ಧಾಟಿಯಲ್ಲೇ "ಯಾವ ಚೀಲಗಳು ಸೇಡಂನಿಂದ ಬಂದವೋ ಅವುಗಳನ್ನು" ಅಂತ ಬರೆಯುತ್ತಾರೆ. ತಪ್ಪೇನಿಲ್ಲ. ಆದರೆ ಪುಸ್ತಕ ತೆರೆದು ಪಕ್ಕಕ್ಕಿಟ್ಟು ನೋಡಿದಾಗ, ಅಷ್ಟೂ ಕೆಲಸವನ್ನು 'ಬಂದ' ಒಂದೇ ಪದ ಮಾಡಿದ್ದು ಕಾಣುತ್ತದೆ. ಒಮ್ಮೆ ಕಂಡರೆ ಮರೆಯಲ್ಲ.

ಇದು ನನ್ನ ಉಪಾಯವಲ್ಲ. 1706ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಅಮೆರಿಕದ ಬರಹಗಾರ, ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್, ಅಣ್ಣನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿಯುತ್ತಲೇ ಬರೆಯಲು ಕಲಿತದ್ದು ಹೀಗೆ. 'ಸ್ಪೆಕ್ಟೇಟರ್' ಪತ್ರಿಕೆಯ ಪ್ರಬಂಧಗಳ ಒಂದೊಂದು ವಾಕ್ಯಕ್ಕೂ ಚಿಕ್ಕ ಟಿಪ್ಪಣಿ ಬರೆದಿಡುತ್ತಿದ್ದರು. ಕೆಲವು ದಿನ ಬಿಟ್ಟು ಆ ಟಿಪ್ಪಣಿಯಿಂದಲೇ ಪ್ರಬಂಧವನ್ನು ಮತ್ತೆ ಬರೆದು, ಮೂಲದ ಜೊತೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದರು. ಟಿಪ್ಪಣಿಗಳನ್ನು ಬೇಕೆಂದೇ ಕಲಸಿಟ್ಟು, ಕೆಲವು ವಾರಗಳ ನಂತರ ಸಾಲಾಗಿ ಜೋಡಿಸುತ್ತಿದ್ದರು. ಅಲ್ಲಲ್ಲಿ ತಮ್ಮ ವಾಕ್ಯವೇ ಮೂಲಕ್ಕಿಂತ ಚೆಂದ ಬಂದಿದೆ ಅಂತಲೂ ಅನಿಸುತ್ತಿತ್ತಂತೆ. ನಿಮಗೂ ಹಾಗನಿಸಿದರೆ ಅಳಿಸಬೇಡಿ, ಎರಡನ್ನೂ ಇಟ್ಟುಕೊಳ್ಳಿ.