ದಸರಾ ರಜೆಗೆ ಮುಂಚೆ ಕಲಿಯಬೇಕಾದ ಊಟ

ಬರುವ ದಸರಾ ರಜೆಯಲ್ಲಿ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ನನಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಗಲಿದೆ. ವೈದ್ಯರು ಮೊದಲು ಸೂಚಿಸಿದ್ದು ಬೇಸಿಗೆ ರಜೆಯನ್ನು. ಶಾಲಾ ಶಿಕ್ಷಕಿಗೆ ಅದಕ್ಕಿಂತ ಅನುಕೂಲದ ಕಾಲ ಇನ್ನೊಂದಿಲ್ಲ. ಆದರೆ ಈ ಶಸ್ತ್ರಚಿಕಿತ್ಸೆಯಾದವರು ಮೊದಲ ವಾರಗಳಲ್ಲಿ ಮತ್ತೆ ಆಸ್ಪತ್ರೆ ಸೇರುವುದಕ್ಕೆ ಇರುವ ಸಾಮಾನ್ಯ ಕಾರಣಗಳಲ್ಲಿ ದೇಹದ ನೀರಿನಂಶ ತಗ್ಗುವುದೂ ಒಂದು ಎಂದು ಅವರೇ ಹೇಳಿದ ಮೇಲೆ, 42 ಡಿಗ್ರಿ ದಾಟುವ ಕಲಬುರಗಿಯ ಮೇ ತಿಂಗಳಿನಲ್ಲಿ, ಒಮ್ಮೆಗೆ ಒಂದೆರಡು ಗುಟುಕಿಗಿಂತ ಹೆಚ್ಚು ನೀರು ಹಿಡಿಯದ ಹೊಟ್ಟೆಯನ್ನಿಟ್ಟುಕೊಂಡು ದಿನ ತಳ್ಳುವ ಧೈರ್ಯ ನನಗಾಗಲಿಲ್ಲ. ಹೀಗೆ ಮುಂದಕ್ಕೆ ಹೋದ ದಿನಾಂಕದಿಂದಾಗಿ ತಿಂಗಳುಗಟ್ಟಲೆ ಕಾಲ ಕೈಗೆ ಸಿಕ್ಕಿತು. ನಾನು ಯಾವಾಗ, ಯಾರ ಸಲುವಾಗಿ, ಎಷ್ಟು ಅವಸರದಲ್ಲಿ ತಿನ್ನುತ್ತೇನೆ ಎಂಬುದನ್ನು ಕಣ್ಣಿಟ್ಟು ನೋಡುವುದೇ ಈ ತಯಾರಿಯ ಬಹುಪಾಲು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಆ ತಿಂಗಳುಗಳಲ್ಲಿ.

ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ ಎಂಬ ಲೆಕ್ಕದಲ್ಲಿ ನನ್ನದು 40ರ ಮೇಲಿದೆ. ಜೊತೆಗೆ ಸಕ್ಕರೆ ಕಾಯಿಲೆಯೂ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಇವೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಈ ಶಸ್ತ್ರಚಿಕಿತ್ಸೆಗೆ ಗೊತ್ತುಪಡಿಸಿದ ಬಿಎಂಐ ಮಾನದಂಡ 40, ಅಥವಾ ಗಂಭೀರ ಕಾಯಿಲೆಗಳಿದ್ದರೆ 35 ಎಂದಿತ್ತು. 2022ರಲ್ಲಿ ಈ ಶಸ್ತ್ರಚಿಕಿತ್ಸಕರ ಎರಡು ದೊಡ್ಡ ಸಂಘಗಳು ಅದನ್ನು ಪರಿಷ್ಕರಿಸಿ, ಬೇರೆ ಕಾಯಿಲೆ ಇರಲಿ ಬಿಡಲಿ 35 ಇದ್ದರೆ ಸಾಕು ಎಂದವು. ಏಷ್ಯಾದವರಲ್ಲಿ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದರಿಂದ ಅವರಿಗೆ 27.5ರಿಂದಲೇ ಪರಿಗಣಿಸಬಹುದು ಎಂದವು. ಯಾವ ಅಳತೆಯಲ್ಲಿ ನೋಡಿದರೂ ನಾನು ಗೆರೆಯ ಆಚೆಗೇ ಇದ್ದೇನೆ.

ಬಂಧುಗಳಿಗೆ ಈ ಅಂಕಿಗಳು ಬೇಕಾಗಿಲ್ಲ. ‘ದಿನಾ ಮುಂಜಾನೆ ಅಪ್ಪನ ಕೆರಿ ಸುತ್ತ ನಾಕು ಸುತ್ತು ಹಾಕವ್ವಾ, ತಾನೇ ಇಳೀತದ’ ಎನ್ನುವ ಕಾಕಾನಿಗೆ ನಾನು ವರ್ಷಗಟ್ಟಲೆ ಆ ಕೆರೆಯ ಸುತ್ತ ನಡೆದದ್ದೂ ಇಳಿದ ತೂಕ ಮತ್ತೆ ಮತ್ತೆ ಏರಿದ್ದೂ ಗೊತ್ತಿಲ್ಲ. ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ದೇಹವು ಹಸಿವಿನ ಹಾರ್ಮೋನಾದ ಘ್ರೆಲಿನನ್ನು ಹೆಚ್ಚಿಸುತ್ತದೆ, ಸುಮ್ಮನೆ ಕುಳಿತಾಗ ಖರ್ಚಾಗುವ ಶಕ್ತಿಯನ್ನೂ ತಗ್ಗಿಸುತ್ತದೆ. ಕಳೆದುಕೊಂಡ ತೂಕವನ್ನು ಮರಳಿ ಪಡೆಯುವವರೆಗೆ ಅದಕ್ಕೆ ನೆಮ್ಮದಿಯಿಲ್ಲ. ಇದನ್ನು ವೈದ್ಯರ ಬಾಯಿಂದ ಕೇಳಿದ ದಿನ ನನ್ನ ಮೇಲೆ ನನಗಿದ್ದ ಸಿಟ್ಟು ಸ್ವಲ್ಪ ಇಳಿಯಿತು. ಮನಸ್ಸಿನ ತಯಾರಿ ಅಲ್ಲಿಂದಲೇ ಶುರುವಾಯಿತು ಎನ್ನಬೇಕು, ಏಕೆಂದರೆ ತನ್ನನ್ನು ಸೋಮಾರಿ ಎಂದು ಬೈದುಕೊಳ್ಳುತ್ತಿರುವವರಿಗೆ ತಮ್ಮ ಅಭ್ಯಾಸಗಳನ್ನು ಸಮಾಧಾನದಿಂದ ನೋಡುವುದು ಆಗುವುದಿಲ್ಲ.

ನನಗೆ ಆಗಲಿರುವುದು ಬಹುಮಟ್ಟಿಗೆ ಸ್ಲೀವ್ ಎಂಬ ವಿಧಾನ. ಎಂಡೋಸ್ಕೋಪಿಯಲ್ಲಿ ಆಮ್ಲ ಮೇಲೇರುವ ತೊಂದರೆ ಜೋರಾಗಿ ಕಂಡುಬಂದರೆ, ಜಠರದ ಸಣ್ಣ ಭಾಗವೊಂದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಬೈಪಾಸ್ ಆಗಬಹುದು. ಸ್ಲೀವ್‌ನಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ತೆಗೆದು, ಉದ್ದನೆಯ ಕೊಳವೆಯಷ್ಟನ್ನು ಉಳಿಸುತ್ತಾರೆ. ಘ್ರೆಲಿನ್ ಹೆಚ್ಚಾಗಿ ಹುಟ್ಟುವ ಮೇಲ್ಭಾಗವೂ ಅದರೊಂದಿಗೆ ಹೋಗುವುದರಿಂದ ಹಸಿವೆಯೇ ಕಡಿಮೆಯಾಗುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ದೀಪ ಹಾಕುವ ಕೈ ಘ್ರೆಲಿನನ್ನು ಕೇಳಿ ಹಾಕುವುದಿಲ್ಲ. ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆ ನನ್ನನ್ನು ಹೆಚ್ಚು ವಿಚಾರಿಸಿದ್ದು ಆ ಕೈಯ ಬಗೆಗೇ.

ಅವರ ಭೇಟಿಯೆಂದರೆ ಪಾಸು-ನಪಾಸಿನ ಪರೀಕ್ಷೆಯಿರಬೇಕು ಎಂದು ಹೆದರುವವರು ಬಹಳ. ಅದು ಹಾಗಲ್ಲ, ಖಿನ್ನತೆಯೋ ಹಿಡಿತ ತಪ್ಪಿ ತಿನ್ನುವ ರೋಗವೋ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಕೊಟ್ಟು ಆಮೇಲೆ ಮುಂದುವರಿಯುತ್ತಾರೆ. ಕುಡಿತದ ಬಗ್ಗೆ ಕೇಳುವುದೂ ಕಾರಣವಿದ್ದೇ, ಈ ಶಸ್ತ್ರಚಿಕಿತ್ಸೆಗಳಾದ ಮೇಲೆ, ಅದರಲ್ಲೂ ಬೈಪಾಸ್ ಆದ ಮೇಲೆ, ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ. ನನಗೆ ಅವರು ಕೊಟ್ಟ ಕೆಲಸ ಒಂದು ನೋಟುಬುಕ್ಕಿನದು. ಏನಾದರೂ ಬಾಯಿಗಿಡುವ ಮೊದಲು ಗಂಟೆಯನ್ನೂ ಮನಸ್ಸಿನ ಸ್ಥಿತಿಯನ್ನೂ ಬರೆಯಬೇಕು. ಎಷ್ಟು ತಿಂದೆ ಎಂಬುದನ್ನು ಬರೆಯಬೇಕಾಗಿಲ್ಲ. ಮಕ್ಕಳ ಉತ್ತರ ಪತ್ರಿಕೆ ತಿದ್ದಿದವಳಿಗೆ ತನ್ನದೇ ಪತ್ರಿಕೆ ಓದುವುದು ಸುಲಭವಾಗಲಿಲ್ಲ, ಆದರೂ ಕೆಲವು ವಾರಗಳಲ್ಲಿ ನಕ್ಷೆಯೊಂದು ಮೂಡಿತು. ಬೆಳಗಿನ ಮತ್ತು ಮಧ್ಯಾಹ್ನದ ಊಟಗಳ ಎದುರು ‘ಹಸಿವೆ’ ಎಂದಿತ್ತು. ಸಂಜೆ ಶಾಲೆಯಿಂದ ಬಂದ ಗಂಟೆಯ ಎದುರು ‘ದಣಿವು’ ಎಂದೂ, ತವರಿನ ಹೊಲದ ಪಾಲಿನ ಬಗ್ಗೆ ಅಣ್ಣನ ಫೋನು ಬಂದ ದಿನಗಳಲ್ಲಿ ‘ಸಿಟ್ಟು’ ಎಂದೂ ಇತ್ತು. ನಮ್ಮವರು ಬೀದರಿನಲ್ಲಿ ನೌಕರಿಯಲ್ಲಿದ್ದು ಶನಿವಾರ ಮಾತ್ರ ಬರುವುದರಿಂದ, ಸೋಮವಾರದಿಂದ ಶುಕ್ರವಾರದವರೆಗಿನ ರಾತ್ರಿಗಳ ಎದುರು ಹೆಚ್ಚಾಗಿ ಏನೂ ಬರೆದಿರಲಿಲ್ಲ, ಆ ಸಾಲು ಖಾಲಿ ಬಿಟ್ಟಿತ್ತು. ಮನಶ್ಶಾಸ್ತ್ರಜ್ಞೆ ಆ ಖಾಲಿ ಸಾಲುಗಳ ಮೇಲೆಯೇ ಬೆರಳಿಟ್ಟರು.

ನೋಟುಬುಕ್ಕಿನಲ್ಲಿ ಇನ್ನೂ ಒಂದು ಸಂಗತಿ ಬಯಲಾಯಿತು. ನಮ್ಮ ಮನೆಗಳಲ್ಲಿ ಬಡಿಸುವವಳು ಕೊನೆಗೆ ಉಣ್ಣುತ್ತಾಳೆ, ಅದೂ ಅರ್ಧ ನಿಂತುಕೊಂಡೇ. ಮಗ ಬಿಟ್ಟ ಅರ್ಧ ರೊಟ್ಟಿ, ಬುಟ್ಟಿಯ ತಳದಲ್ಲಿ ಉಳಿದ ಒಂದು, ಪಾತ್ರೆಗೆ ಅಂಟಿದ ಪಲ್ಯ, ಮರುದಿನಕ್ಕೆ ಕೆಡುವ ಅನ್ನ: ಇವೆಲ್ಲ ನನ್ನ ಊಟದ ಲೆಕ್ಕಕ್ಕೆ ಸೇರದೆ ನನ್ನ ಹೊಟ್ಟೆಗೆ ಸೇರುತ್ತಿದ್ದವು. ಅನ್ನ ಚೆಲ್ಲಬಾರದು ಎಂಬ ಮಾತಿನಲ್ಲಿ ನನಗೆ ಈಗಲೂ ನಂಬಿಕೆಯಿದೆ, ಆದರೆ ಅದನ್ನು ಉಳಿಸುವ ಹೊಣೆ ಒಬ್ಬಳೇ ಹೆಂಗಸಿನ ಹೊಟ್ಟೆಯದಾಗಬೇಕಿಲ್ಲ. ಈಗ ಅತ್ತೆಯವರೂ ನಾನೂ ಮಕ್ಕಳೊಂದಿಗೇ ಕೂಡುತ್ತೇವೆ, ನನ್ನ ತಾಟನ್ನು ಮೊದಲೇ ಹಚ್ಚಿಕೊಳ್ಳುತ್ತೇನೆ. ಉಳಿದದ್ದು ಬೆಳಿಗ್ಗೆ ಎದುರು ಮನೆಯ ಎಮ್ಮೆಗೆ.

ಶ್ರಾವಣದ ಬಗ್ಗೆಯೂ ಹೇಳಬೇಕು. ‘ನಿನಗ ಉಪವಾಸದ ರೂಢಿ ಅದ, ತ್ರಾಸ ಆಗಂಗಿಲ್ಲ’ ಎಂದು ಗೆಳತಿಯರು ಧೈರ್ಯ ಹೇಳಿದರು. ಆದರೆ ನಾವು ಮಾಡುವ ಸೋಮವಾರದ ಉಪವಾಸ ಈ ತಯಾರಿಗೆ ನೇರವಾಗಿ ವಿರುದ್ಧವಾದದ್ದು. ಹಗಲೆಲ್ಲ ಚಹಾದ ಮೇಲಿದ್ದು, ದೀಪ ಹಚ್ಚುವ ಹೊತ್ತಿಗೆ ಶೇಂಗಾ ಸುರಿದ ಸಾಬೂದಾಣಿ ಖಿಚಡಿಯನ್ನು ತಾಟು ತುಂಬ ತಿನ್ನುವುದು ಹೊಟ್ಟೆಗೆ ಬರಗಾಲವನ್ನೂ ಜಾತ್ರೆಯನ್ನೂ ಒಂದೇ ದಿನ ತೋರಿಸಿದಂತೆ. ಶಸ್ತ್ರಚಿಕಿತ್ಸೆಯ ನಂತರದ ಬದುಕಿಗೆ ಬೇಕಾಗುವುದು ಹೊತ್ತುಹೊತ್ತಿಗೆ ಸಣ್ಣ ಊಟ. ಈ ಸಲ ಉಪವಾಸ ಬಿಟ್ಟು ಪೂಜೆಯನ್ನಷ್ಟೇ ಇಟ್ಟುಕೊಂಡೆ. ಅತ್ತೆಯವರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಆಮೇಲೆ ತಾವಾಗಿಯೇ ಮಾತಾಡಿದರು.

ಇನ್ನು ಊಟದ ವಿಷಯ. ಆಹಾರ ತಜ್ಞೆಯ ಮೊದಲ ನಿಯಮ ಪ್ರೋಟೀನು ಮೊದಲು ಎಂಬುದು. ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು, ಇಲ್ಲದಿದ್ದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ನಮ್ಮದು ತೊಗರಿಯ ಕಣಜವೆನಿಸಿದ ಜಿಲ್ಲೆ, 2019ರಲ್ಲಿ ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಹಾಗಾಗಿ 60 ಗ್ರಾಂ ಏನು ಮಹಾ ಎನಿಸುವುದು ಸಹಜ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ. 30 ಗ್ರಾಂ ಬೇಳೆಯಲ್ಲಿರುವುದು 6ರಿಂದ 7 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, 100 ಗ್ರಾಂ ಮೊಸರಿನಲ್ಲಿ 3ರ ಸುತ್ತಮುತ್ತ. ಮೊಟ್ಟೆ ಕೂಡ ಒಲೆಯ ಮೇಲೆ ಏರದ ನಮ್ಮಂಥ ಮನೆಯಲ್ಲಿ ಪನೀರು, ಸೋಯಾ, ಕಡಲೆಹಿಟ್ಟಿನ ಜುಣಕಾ, ಮೊಳಕೆ ಹೆಸರು ಎಂದು ಎಷ್ಟು ಜೋಡಿಸಿದರೂ ಪುಟ್ಟ ಹೊಟ್ಟೆಗೆ 60 ತುಂಬುವುದಿಲ್ಲ, ಪ್ರೋಟೀನ್ ಪುಡಿ ಬೇಕೇ ಬೇಕು. ಆ ಪುಡಿಯ ವಾಸನೆಯನ್ನು ನಾಲಿಗೆಗೆ ಈಗಲೇ ಪರಿಚಯಿಸುವುದು ಲೇಸು. ಹಲವು ಬಗೆಗಳನ್ನು ಸಣ್ಣ ಪೊಟ್ಟಣಗಳಲ್ಲಿ ತರಿಸಿ ನೋಡಿ, ಮಜ್ಜಿಗೆಯಲ್ಲಿ ಕಲಸಿ ಜೀರಿಗೆ ಹಾಕಿದರೆ ಸಹಿಸಬಹುದಾದದ್ದನ್ನು ಆರಿಸಿಕೊಂಡಿದ್ದೇನೆ.

ಹೀಗಾಗಿ ತಾಟಿನ ಕ್ರಮವೇ ತಿರುಗುಮುರುಗಾಯಿತು. ಮೊದಲು ಗಟ್ಟಿ ಬೇಳೆ ಅಥವಾ ಜುಣಕಾ, ಆಮೇಲೆ ಪುಂಡಿಪಲ್ಯವೋ ಬದನೆಕಾಯಿಯೋ, ಜಾಗ ಉಳಿದರೆ ರೊಟ್ಟಿ. ರೊಟ್ಟಿಯನ್ನು ಕೊನೆಗೆ ಇಡುವುದು ಜೋಳದ ಸೀಮೆಯಲ್ಲಿ ಹುಟ್ಟಿದವಳಿಗೆ ಅಪಚಾರದಂತೆ ತೋರುತ್ತದೆ. ಒಂದು ತುತ್ತನ್ನು ಇಪ್ಪತ್ತು ಮೂವತ್ತು ಸಲ ಅಗಿಯಬೇಕು, ಊಟಕ್ಕೆ ಅರ್ಧ ಗಂಟೆ ಕೊಡಬೇಕು ಎಂಬ ನಿಯಮಕ್ಕೆ ಕಟಕ ರೊಟ್ಟಿ ಒಳ್ಳೆಯ ಗುರು, ಅಗಿಯದೆ ಅದು ಇಳಿಯುವುದಿಲ್ಲ. ಕಷ್ಟವಿರುವುದು ಶಾಲೆಯ ಗಂಟೆಯೊಂದಿಗೆ. ಮುಂದಿನ ತರಗತಿಯ ಗಂಟೆ ಬಾರಿಸುವ ಮೊದಲು ಡಬ್ಬಿ ಖಾಲಿ ಮಾಡುವುದನ್ನೇ ನೌಕರಿಯುದ್ದಕ್ಕೂ ರೂಢಿಸಿಕೊಂಡವಳಿಗೆ ಅರ್ಧ ಡಬ್ಬಿ ಮುಚ್ಚಿ ಏಳುವುದು ಹೊಸ ವಿದ್ಯೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನೀರು. ಊಟದ ಜೊತೆಗೆ ನೀರು ಕುಡಿಯಬಾರದು, ಉಂಡ ಮೇಲೂ ಅರ್ಧ ಗಂಟೆ ಕಾಯಬೇಕು. ಸಣ್ಣ ಜಠರದಲ್ಲಿ ನೀರು ಜಾಗ ಹಿಡಿದರೆ ಊಟಕ್ಕೆ ಜಾಗವಿಲ್ಲ, ವಾಂತಿಯೂ ಆಗಬಹುದು. ಕೆಂಪು ಖಾರ, ಶೇಂಗಾ ಹಿಂಡಿ, ಒಣ ರೊಟ್ಟಿ ಉಣ್ಣುವ ನಾಡಿನಲ್ಲಿ ತಾಟಿನ ಬಲಕ್ಕೆ ತಂಬಿಗೆ ಇಲ್ಲದ ಊಟವನ್ನು ಯಾರು ಕಂಡಿದ್ದಾರೆ? ಖಾರ ಇಳಿಸದೆ ನೀರು ಬಿಡುವುದು ಅಸಾಧ್ಯ ಎಂಬುದು ನನ್ನ ಅನುಭವ, ಆದ್ದರಿಂದ ಎರಡನ್ನೂ ಕೂಡಿಯೇ ಇಳಿಸಿದೆ. ಊಟದ ನಡುವಿನ ಹೊತ್ತಿನಲ್ಲಿ ಬಾಟಲಿಯಿಂದ ಗುಟುಕು ಗುಟುಕಾಗಿ ಕುಡಿಯುವುದನ್ನು ತರಗತಿಯಲ್ಲಿಯೇ ಅಭ್ಯಾಸ ಮಾಡುತ್ತಿದ್ದೇನೆ. ಸಕ್ಕರೆ ಹಾಕಿದ ಚಹಾ ನಿಂತಿತು, ಸೋಡಾ ಮೊದಲೇ ಕುಡಿಯುತ್ತಿರಲಿಲ್ಲ.

ಊಟ ಬದಲಿಸುವುದು ಮನೆಯೊಳಗೆ ಹೇಗೋ ಆಗುತ್ತದೆ. ಹೊರಗೆ ಹೋದರೆ ಬೇರೆಯ ಕಷ್ಟ. ಲಗ್ನದ ಮನೆಯಲ್ಲಿ ‘ಒಂದಾರ ಹೋಳಿಗಿ ತಗೋರಿ ಟೀಚರ್, ನಮ್ಮ ಮ್ಯಾಲ ಸಿಟ್ಟದ ಏನು?’ ಎಂದು ಎಲೆಯ ಮುಂದೆ ನಿಂತವರಿಗೆ ಬೇಡ ಎಂದರೆ ಅದು ಹೋಳಿಗೆಯ ಮಾತಾಗಿ ಉಳಿಯುವುದಿಲ್ಲ. ಮೊದಲು ಸಕ್ಕರೆ ಕಾಯಿಲೆಯ ನೆಪ ಹೇಳುತ್ತಿದ್ದೆ, ಅದಕ್ಕೆ ‘ಒಂದಿನ ಏನಾಗ್ತದ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈಗ ಬಡಿಸುವವರು ಬರುವ ಮೊದಲೇ ಮನೆಯವರನ್ನು ಹುಡುಕಿ ಮಾತಾಡಿಸಿ, ಅವರ ಮಗಳ ಸೀರೆ ನೋಡಿ, ಕುಂಕುಮ ಹಚ್ಚಿಸಿಕೊಂಡು, ಆಮೇಲೆ ಪಂಕ್ತಿಯಲ್ಲಿ ಕುಳಿತು ಸ್ವಲ್ಪವೇ ಉಣ್ಣುತ್ತೇನೆ. ಗೌರವ ಮುಂಚೆಯೇ ಸಂದಿರುವುದರಿಂದ ಒತ್ತಾಯ ಅಷ್ಟಾಗಿ ಬರುವುದಿಲ್ಲ.

ಶಸ್ತ್ರಚಿಕಿತ್ಸೆಯ ವಿಷಯವನ್ನು ಕೆಲವರಿಗಷ್ಟೇ ತಿಳಿಸಿದ್ದೇನೆ. ಎಲ್ಲರಿಗೂ ಹೇಳಲೇಬೇಕು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ, ಆದರೆ ಮನೆಯಲ್ಲಿ ಅಡುಗೆ ಮಾಡುವವರಿಗೆ, ಕರೆದುಕೊಂಡು ಹೋಗುವವರಿಗೆ ಎಲ್ಲವನ್ನೂ ಬಿಡಿಸಿ ಹೇಳಿರಬೇಕು. ತೆಗೆದ ಜಠರ ಮರಳಿ ಬರುವುದಿಲ್ಲ, ಹೊಲಿಗೆಯ ಜಾಗದಲ್ಲಿ ಸೋರಿಕೆ ಮತ್ತು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಹೆದರಬೇಕಾದ ತೊಡಕುಗಳು, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಬೇಕು, ಆಗಾಗ ರಕ್ತಪರೀಕ್ಷೆ ತಪ್ಪುವುದಿಲ್ಲ. ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರುವುದುಂಟು, ಅದು ಮತ್ತೆ ಬೆಳೆಯುತ್ತದೆ ಎಂದು ಮಗಳಿಗೆ ಈಗಲೇ ಹೇಳಿದ್ದೇನೆ. ಸೊರಗುವುದೆಂದರೆ ರೋಗವೆಂದೇ ತಿಳಿಯುವ ಊರಿನಲ್ಲಿ ಜನ ಏನೇನು ಕೇಳಬಹುದು ಎಂಬುದನ್ನೂ ಇಬ್ಬರೂ ಊಹಿಸಿ ನಕ್ಕಿದ್ದೇವೆ.

ಕೊನೆಯ ಎರಡು ವಾರಗಳ ಪಥ್ಯ ಇನ್ನೂ ಮುಂದಿದೆ. ದಿನಕ್ಕೆ ಸುಮಾರು 800ರಿಂದ 1,000 ಕ್ಯಾಲೊರಿ, ಹೆಚ್ಚಾಗಿ ದ್ರವರೂಪದಲ್ಲಿ. ಯಕೃತ್ತಿನ ಎಡಭಾಗ ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ. ಅದು ಕೊಬ್ಬಿನಿಂದ ದಪ್ಪವಾಗಿದ್ದರೆ ಸಣ್ಣ ರಂಧ್ರಗಳ ಮೂಲಕ ಕೆಲಸ ಮಾಡುವ ವೈದ್ಯರಿಗೆ ಜಠರವೇ ಸರಿಯಾಗಿ ಕಾಣುವುದಿಲ್ಲ. ಪಥ್ಯದಿಂದ ಅದರಲ್ಲಿ ಕೂಡಿಟ್ಟ ಸಕ್ಕರೆಯ ಅಂಶ, ಅದರೊಂದಿಗಿನ ನೀರು, ಕೊಬ್ಬು ಇಳಿದು ಅದು ಕುಗ್ಗುತ್ತದೆ. ಆ ದಿನಗಳಲ್ಲಿ ರಕ್ತದ ಸಕ್ಕರೆ ತೀರ ಇಳಿಯಬಹುದಾದ್ದರಿಂದ ನನ್ನ ಮಾತ್ರೆಗಳ ಪ್ರಮಾಣವನ್ನು ವೈದ್ಯರೇ ಬದಲಿಸಿ ಬರೆದುಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆಯವರು ಇದನ್ನು ಕೇಳದೆ ಪಥ್ಯ ಹಿಡಿಯಲೇಬಾರದು.

ಇದಕ್ಕೆ ಮುಂಚೆ ಆಳಂದ ತಾಲ್ಲೂಕಿನ ನನ್ನ ತವರಿನಲ್ಲಿ ಅವ್ವ ಒಂದು ಊಟ ಹಾಕಬೇಕೆಂದಿದ್ದಳು, ‘ಮುಂದ ಉಣ್ಣಾಕ ಆಗಂಗಿಲ್ಲಲ್ಲ, ಈಗರ ಹೊಟ್ಟಿ ತುಂಬ ಉಂಡು ಹೋಗು’ ಎಂದು. ಬೀಳ್ಕೊಡುಗೆಯ ಊಟವನ್ನು ಮಾಡುವವರು ಬಹಳ ಮಂದಿ ಇರುತ್ತಾರಂತೆ, ಒಂದು ಹೋಗಿ ಹತ್ತಾಗುತ್ತದಂತೆ. ನಾನು ಒಪ್ಪಲಿಲ್ಲ. ಅವ್ವನಿಗೆ ಯಕೃತ್ತಿನ ವಿವರ ಹೇಳುವ ಬದಲು ಎಳ್ಳಮಾವಾಸ್ಯೆಯ ಮಾತು ಎತ್ತಿದೆ. ಆ ಹೊತ್ತಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು ದಾಟಿರುತ್ತದೆ, ಮೆತ್ತಗೆ ಬೆಂದ ಕಾಳು-ಸೊಪ್ಪಿನ ಭಜ್ಜಿಯನ್ನು ಸಣ್ಣ ಬಟ್ಟಲಿನಲ್ಲಿ ತಿನ್ನಬಹುದು ಎಂದು ಆಹಾರ ತಜ್ಞೆ ಹೇಳಿದ್ದಾರೆ. ಸಜ್ಜಿ ರೊಟ್ಟಿಗೆ ಮಾತ್ರ ಇನ್ನೂ ಅನುಮತಿ ಸಿಕ್ಕಿಲ್ಲ. ಭಜ್ಜಿಗೆ ಖಾರ ಕಡಿಮೆ ಹಾಕಲು ಅವ್ವ ಒಪ್ಪಿದ್ದಾಳೆ, ಎಣ್ಣೆಯ ವಿಷಯದಲ್ಲಿ ಮಾತುಕತೆ ಇನ್ನೂ ನಡೆದಿದೆ.